ಗಟ್ಟಿ ದಾರ ಮಾರಿದೆ, ಮೀನು ಹೋಯ್ತು: ಗಾಳದ ಕೌಂಟರಿನ ಅನುಭವ

"ದಾರ ಕಡಿಯಲಿಲ್ಲ ಮ್ಯಾಮ್, ಅದರಲ್ಲಿ ನೀವು ಹೇಳಿದ್ದು ಸರಿ. ಮೀನಿನ ಬಾಯಿ ಹರಿಯಿತು."

ಸೋಮವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಹತ್ತು ನಿಮಿಷ ಆಗಿರಲಿಲ್ಲ. ಎಪ್ಪತ್ತು ದಾಟಿದ ಒಬ್ಬ ಅಜ್ಜ ಗಾಳದ ರಾಡ್ ಹಿಡಿದುಕೊಂಡು ಕೌಂಟರಿಗೆ ಬಂದರು. ಕೂಗಾಡಲಿಲ್ಲ, ಮ್ಯಾನೇಜರನ್ನು ಕರಿ ಅನ್ನಲಿಲ್ಲ. ಮೂರು ಮೀನು ಕಚ್ಚಿತ್ತಂತೆ, ಮೂರೂ ದೋಣಿಯ ಹತ್ತಿರ ಬಂದು ಒದರಿಕೊಂಡು ಹೋದವಂತೆ. ಆ ರಾಡು, ಆ ದಾರ, ಆ ಗಾಳ ಮೂರನ್ನೂ ಶುಕ್ರವಾರ ಆರಿಸಿ ಕೊಟ್ಟವಳು ನಾನೇ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ನಾನು ತೀರ್ಥಹಳ್ಳಿ ಕಡೆಯವಳು. ಗಂಡನ ಕೆಲಸಕ್ಕೆ ಅಂತ ಡಲ್ಲಾಸ್‌ಗೆ ಬಂದು, ಕೆಲವು ವರ್ಷ ಮನೆಯಲ್ಲೇ ಕೂತು, ಕೊನೆಗೆ ಕೆಲಸ ಮಾಡುವ ಪರವಾನಗಿ ಸಿಕ್ಕಿದ್ದೇ ತಡ, ಮನೆ ಹತ್ತಿರದ ಕ್ರೀಡಾ ಸಾಮಗ್ರಿಯ ದೊಡ್ಡ ಅಂಗಡಿಗೆ ಸೇರಿದೆ. ಬಟ್ಟೆ ವಿಭಾಗ ಕೇಳಿದ್ದೆ, ಜಾಗ ಖಾಲಿ ಇದ್ದದ್ದು ಮೀನುಗಾರಿಕೆ ವಿಭಾಗದಲ್ಲಿ. ಇಲ್ಲಿ ಎಲ್ಲರೂ ಹಿಡಿಯೋದು ಬ್ಯಾಸ್ ಅನ್ನೋ ಮೀನು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಬಾಸ್ ಹಿಡಿಯೋದಾ? ಯಾವ ಬಾಸ್‌ನ?" ಅಂದರು. ಮಳೆಗಾಲದ ಮೊದಲ ನೀರಿಗೆ ಗದ್ದೆಗೆ ಏರುವ ಹತ್ತುಮೀನು, ಅದನ್ನು ಹಿಡಿಯುವ ಕೂಣಿ, ಬಿದಿರು ಕೋಲಿಗೆ ದಾರ ಕಟ್ಟಿ ಎರೆಹುಳು ಸಿಕ್ಕಿಸಿ ತೋಡಿನ ಬದಿಗೆ ಕೂರೋದು, ಇಷ್ಟೇ ನನಗೆ ಗೊತ್ತಿದ್ದ ಮೀನುಗಾರಿಕೆ. ಅಲ್ಲಿ ದಾರ ಗಟ್ಟಿ ಇದ್ದಷ್ಟೂ ಒಳ್ಳೇದು, ಅಷ್ಟೇ ಲೆಕ್ಕ.

ಆ ಅಜ್ಜ ಶುಕ್ರವಾರ ಬಂದು ಕೇಳಿದ್ದು "ಕ್ರ್ಯಾಂಕ್‌ಬೈಟ್‌ಗೆ ಒಂದು ಸೆಟ್ ಬೇಕು, ದಾರ ಕಡಿಯಬಾರದು" ಅಂತ. ಕ್ರ್ಯಾಂಕ್‌ಬೈಟ್ ಅಂದರೆ ಮರಿಮೀನಿನ ಆಕಾರದ ಒಂದು ನಕಲಿ ಎರೆ. ಮೂತಿಯಲ್ಲಿ ನಾಲಗೆ ಚಾಚಿದ ಹಾಗೆ ಒಂದು ಪ್ಲಾಸ್ಟಿಕ್ ಚಪ್ಪಟೆ ಇರುತ್ತದೆ, ದಾರ ಸುತ್ತುತ್ತಾ ಎಳೆದರೆ ಅದರ ಬಲದಿಂದ ಮುಳುಗಿ ಒದ್ದಾಡುತ್ತಾ ಬರುತ್ತದೆ. ಹೊಟ್ಟೆಗೊಂದು, ಬಾಲಕ್ಕೊಂದು ಮೂರು ಮೊನೆಯ ಸಣ್ಣ ಗಾಳ. ನಾನು "ಕಡಿಯಬಾರದು" ಅನ್ನೋ ಒಂದು ಮಾತು ಮಾತ್ರ ಕೇಳಿಸಿಕೊಂಡೆ. 50 ಪೌಂಡು ಎಳೆತ ತಡೆಯುವ ಬ್ರೇಡ್ ದಾರ, ಅಂದರೆ ಎಳೆ ಎಳೆ ಹೆಣೆದದ್ದು, ಜೊತೆಗೆ ಇದ್ದದ್ದರಲ್ಲೇ ಗಡಸು ರಾಡ್. ಬಿಲ್ ದೊಡ್ಡದಾಯಿತು, ನನಗೂ ಖುಷಿ.

ಸೋಮವಾರ ಅಜ್ಜ ನನಗೆ ಪಾಠ ಮಾಡಿದ್ದು ಹೀಗೆ. ಎರಡು ದಾರ ತರಿಸಿದರು, ಒಂದು ಬ್ರೇಡ್, ಇನ್ನೊಂದು ಮಾಮೂಲಿ ನೈಲಾನ್, ಇಲ್ಲಿ ಮೋನೋ ಅಂತಾರೆ. ಎರಡರ ತುದಿಯನ್ನೂ ಶೆಲ್ಫಿನ ಕಂಬಕ್ಕೆ ಕಟ್ಟಿ, ನಡುವಿನ ದಾರಿಯಲ್ಲಿ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಎಳಿ ಅಂದರು. ಮೋನೋ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಬ್ರೇಡ್ ಎಳೆದರೆ ಕಂಬವನ್ನೇ ಕೈಯಲ್ಲಿ ಹಿಡಿದ ಹಾಗೆ, ಒಂಚೂರೂ ಹಿಗ್ಗಲ್ಲ. ಈಗ ಯೋಚನೆ ಮಾಡಿ: ಬ್ಯಾಸ್ ಓಡುತ್ತಿರುವ ಕ್ರ್ಯಾಂಕ್‌ಬೈಟ್ ಮೇಲೆ ಹಾರಿ ಬಾಯಿ ಹಾಕುತ್ತದೆ, ಆ ಸಣ್ಣ ಮೊನೆಗಳು ತುಟಿಯ ತೆಳು ಚರ್ಮಕ್ಕೆ ಮಾತ್ರ ಸಿಕ್ಕಿರುತ್ತವೆ. ಮೀನು ನೀರಿನಿಂದ ಮೇಲೆ ನೆಗೆದು ತಲೆ ಕೊಡವುತ್ತದೆ. ದಾರ ಹಿಗ್ಗಲ್ಲ, ರಾಡ್ ಬಾಗಲ್ಲ, ಹಾಗಾದರೆ ಸೋತು ಹರಿಯಬೇಕಾದದ್ದು ಯಾವುದು? ಚರ್ಮ. ಅಲ್ಲಿಗೆ ಮೀನು ಹೋಯ್ತು. ಅದಕ್ಕೇ ಕ್ರ್ಯಾಂಕ್‌ಬೈಟ್‌ಗೆ ಅರ್ಧದವರೆಗೂ ಬಾಗುವ ಮೆತ್ತನೆ ರಾಡು, ಹಿಗ್ಗುವ ದಾರ.

ಹಾಗಂತ ಬ್ರೇಡ್ ಕೆಟ್ಟದ್ದು ಅಂತ ಅಲ್ಲ. ನಾನು ಅದೇ ತಪ್ಪನ್ನು ತಿರುಗಿಸಿ ಮಾಡಿದೆ. ಮುಂದಿನ ಎರಡು ವಾರ ಬಂದವರಿಗೆಲ್ಲ ಮೋನೋ ಮೋನೋ ಅಂತ ಹೇಳಿ, ಕೆರೆ ತುಂಬಾ ಜೊಂಡು ಕಟ್ಟಿಕೊಂಡ ಕಡೆ ಕಪ್ಪೆ ಗಾಳ ಹಾಕಲು ಹೊರಟ ಹುಡುಗನಿಗೂ ಅದನ್ನೇ ಕೊಡಲು ಹೋಗಿದ್ದೆ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ತಡೆದರು. ರಬ್ಬರ್ ಕಪ್ಪೆಯನ್ನು ಪಾಚಿಯ ಹಾಸಿನ ಮೇಲೆ ಕುಪ್ಪಳಿಸುವ ಹಾಗೆ ಎಳೆದುಕೊಂಡು ಬರುವಾಗ ಮೀನು ಕೆಳಗಿನಿಂದ ಹಾಸನ್ನೇ ಒಡೆದುಕೊಂಡು ನುಂಗುತ್ತದೆ. ಅದನ್ನು ಆ ಕಸದ ಸಮೇತ ಎಳೆದು ತೆಗೆಯಬೇಕು. ಅಲ್ಲಿ 50, 65 ಪೌಂಡಿನ ಬ್ರೇಡೇ ಬೇಕು, ಗಡಸು ರಾಡೇ ಬೇಕು. ಕಪ್ಪೆಯ ಗಾಳವೂ ದಪ್ಪ, ಬಾಯಿಯ ಮೂಳೆ ಚುಚ್ಚಬೇಕು. ನಾನು ಅಜ್ಜನಿಗೆ ಕೊಟ್ಟ ಅದೇ ಸೆಟ್ಟು, ಇಲ್ಲಿ ಸರಿ!

ಅವತ್ತಿನಿಂದ ಶೆಲ್ಫಿನ ಕಡೆ ಕೈ ಹಾಕುವ ಮೊದಲು ನಾನು ನೀರಿನ ಬಗ್ಗೆ ಕೇಳ್ತೀನಿ. ದಡದಿಂದಲಾ ದೋಣಿಯಿಂದಲಾ? ಕೆಳಗೆ ಏನಿದೆ, ಜೊಂಡಾ, ಕಲ್ಲಾ, ಮುಳುಗಿದ ಮರವಾ? ನೀರು ತಿಳಿಯಾ ಕದಡಿದ್ದಾ? "ಯಾವ ಬಣ್ಣದ ಎರೆಗೆ ಮೀನು ಬೀಳುತ್ತೆ?" ಅಂತ ಬರುವವರು ಮೊದಲು ಸ್ವಲ್ಪ ಮುಖ ಗಂಟಿಕ್ಕುತ್ತಾರೆ, ಆಮೇಲೆ ಅವರೇ ಫೋನ್ ತೆಗೆದು ಕೆರೆಯ ಫೋಟೋ ತೋರಿಸುತ್ತಾರೆ. ಬಣ್ಣದ ಲೆಕ್ಕ ನಿಜಕ್ಕೂ ಸುಲಭ. ತಿಳಿ ನೀರಿಗೆ ಹಸಿರು, ಕಂದು, ಮಣ್ಣಿನ ಬಣ್ಣ. ಕದಡಿದ ನೀರಿಗೆ ಕಪ್ಪು ನೀಲಿ ಅಥವಾ ಕಣ್ಣು ಕುಕ್ಕುವ ಹಳದಿ ಹಸಿರು. ಅದಕ್ಕಿಂತ ಮುಖ್ಯ ಸದ್ದು. ಮೀನಿನ ಮೈಯ ಎರಡೂ ಪಕ್ಕ ಉದ್ದಕ್ಕೆ ಒಂದು ಗೆರೆ ಇದೆ ನೋಡಿ, ಅದು ನೀರಿನ ಅದುರನ್ನು ತಿಳಿಯುತ್ತದೆ. ಕಣ್ಣು ಕಾಣದ ಕಡೆ ದುಂಡನೆ ತಗಡು ತಿರುಗುವ ಸ್ಪಿನ್ನರ್‌ಬೈಟ್ ಹಾಕಿದರೆ ಮೀನೇ ಹುಡುಕಿಕೊಂಡು ಬರುತ್ತದೆ. ಗೋಡೆ ತುಂಬಾ ನೇತು ಹಾಕಿರುವ ನೂರಾರು ಬಣ್ಣದಲ್ಲಿ ಅರ್ಧಕ್ಕರ್ಧ ಮನುಷ್ಯರ ಕಣ್ಣಿಗೆ ಮಾಡಿದ್ದು ಅಂತ ನನ್ನ ಅಭಿಪ್ರಾಯ. ಅಂಗಡಿಯವಳಾಗಿ ಹೀಗೆ ಹೇಳಬಾರದು, ಇರಲಿ.

ಟೆಕ್ಸಸ್‌ನ ದೊಡ್ಡ ಬ್ಯಾಸ್ ದಾಖಲೆ ಕೇಳಿದರೆ ನಗು ಬರುತ್ತದೆ. 1992ರ ಜನವರಿಯಲ್ಲಿ ಲೇಕ್ ಫೋರ್ಕ್‌ನಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಅನ್ನುವವರು ಹಿಡಿದದ್ದು, 18.18 ಪೌಂಡು, ನಮ್ಮ ಲೆಕ್ಕದಲ್ಲಿ ಎಂಟು ಕೆಜಿ ದಾಟುತ್ತದೆ. ಅವರು ಬ್ಯಾಸ್‌ಗೆ ಹೋದದ್ದೇ ಅಲ್ಲ. ಕ್ರ್ಯಾಪಿ ಅನ್ನುವ ಸಣ್ಣ ಮೀನಿಗೆ ಜೀವಂತ ಮರಿಮೀನು ಸಿಕ್ಕಿಸಿ ಕೂತಿದ್ದರು. ದಾರ ಸುತ್ತುವ ದುಬಾರಿ ರೀಲು ಬೇಕೇ ಬೇಕು ಅಂತ ಹಟ ಹಿಡಿಯುವವರಿಗೆ ಈ ಕಥೆ ಹೇಳ್ತೀನಿ.

ರೀಲ್ ಅಂದಾಗ ನೆನಪಾಯಿತು. ಹೊಸಬರಿಗೆ ಬೇಟ್‌ಕಾಸ್ಟರ್ ರೀಲ್ ಮಾರಬೇಡಿ, ಮಾರಲೇಬೇಡಿ. ಟಿವಿಯಲ್ಲಿ ಸ್ಪರ್ಧೆ ನೋಡಿ ಬಂದವರೆಲ್ಲ ಅದನ್ನೇ ಕೇಳ್ತಾರೆ. ಎಸೆದಾಗ ಅದರ ಉರುಳೆಯೇ ತಿರುಗುತ್ತದೆ. ಗಾಳ ಗಾಳಿಯಲ್ಲಿ ನಿಧಾನ ಆದಮೇಲೂ ಉರುಳೆ ಅದೇ ವೇಗದಲ್ಲಿ ತಿರುಗುತ್ತಾ ಇದ್ದರೆ ದಾರವೆಲ್ಲ ಉಬ್ಬಿ ಗೋಜಲು. ಹೆಬ್ಬೆರಳಿನಿಂದ ಒತ್ತಿ ತಡೆಯೋದು ಕಲಿಯಲು ನನಗೇ ಒಂದು ತಿಂಗಳು ಬೇಕಾಯಿತು, ಅಂಗಡಿ ಹಿಂದಿನ ಪಾರ್ಕಿಂಗ್‌ನಲ್ಲಿ ಊಟದ ಬಿಡುವಿನಲ್ಲಿ ಗಾಳ ಇಲ್ಲದೆ ಬರೀ ಸೀಸದ ಗುಂಡು ಕಟ್ಟಿ ಎಸೆಯುತ್ತಿದ್ದೆ. ಮಕ್ಕಳಿಗಾದರೆ ಗುಂಡಿ ಒತ್ತಿ ಬಿಡುವ ಜೆಬ್ಕೋ ರೀಲ್ ಸಾಕು. ಆ ಹೆಸರಿನ ಹಿಂದೆ ಒಂದು ಮಜಾ ಇದೆ. ಓಕ್ಲಹೋಮಾದ ಟಲ್ಸಾದಲ್ಲಿ ಎಣ್ಣೆ ಬಾವಿಗೆ ಬಾಂಬ್ ಮಾಡುತ್ತಿದ್ದ ಝೀರೋ ಅವರ್ ಬಾಂಬ್ ಕಂಪನಿ 1949ರಲ್ಲಿ ಮೀನಿನ ರೀಲಿಗೆ ಇಳಿಯಿತು, ಆ ಉದ್ದ ಹೆಸರನ್ನು ಚಿಕ್ಕದು ಮಾಡಿದ್ದೇ ಜೆಬ್ಕೋ.

ಹೀಗೆ ಬಾಯಿಪಾಠ ಒಪ್ಪಿಸುತ್ತಾ ಒಂದು ವರ್ಷ ಕಳೆದಮೇಲೆ, ಸ್ವತಃ ಹೋಗಿ ನೋಡಬೇಕು ಅನ್ನಿಸಿ, ಒಂದು ಮಾರ್ಚ್‌ನಲ್ಲಿ ಗಂಡನನ್ನು ಎಬ್ಬಿಸಿಕೊಂಡು ಕತ್ತಲಿರುವಾಗಲೇ ಲೇಕ್ ಫೋರ್ಕ್‌ಗೆ ಹೊರಟೆ. ಡಲ್ಲಾಸ್‌ನಿಂದ ಪೂರ್ವಕ್ಕೆ ಹೆಚ್ಚುಕಮ್ಮಿ ಒಂದೂವರೆ ಗಂಟೆ ದಾರಿ. ಅಣೆಕಟ್ಟಿನ ನೀರು ನಿಲ್ಲಿಸುವಾಗ ಕಾಡು ಪೂರ್ತಿ ಕಡಿಯದೆ ಬಿಟ್ಟ ಕಾರಣ ನೀರಿನ ಮಧ್ಯೆ ಒಣಮರಗಳು ಇನ್ನೂ ನಿಂತಿವೆ. ನೋಡಿದರೆ ಲಿಂಗನಮಕ್ಕಿ ಹಿನ್ನೀರೇ ನೆನಪಾಗುತ್ತದೆ. ಮೊಟ್ಟೆ ಇಡಲು ಬ್ಯಾಸ್ ದಡಕ್ಕೆ ಬರುವ ಕಾಲ ಅದು. ಗಂಡುಮೀನು ಬಾಲದಿಂದ ನೆಲ ಗುಡಿಸಿ ಗೂಡು ಮಾಡಿ ಕಾವಲು ಕೂರುತ್ತದೆ. ಮರದ ಬುಡಕ್ಕೆ ನಾನು ಹಾಕಿದ್ದು ಟೆಕ್ಸಸ್ ರಿಗ್: ಮೊದಲು ಗುಂಡಿನಂಥ ಚೂಪು ಭಾರ, ಆಮೇಲೆ ಗಾಳ, ಗಾಳದ ಮೊನೆಯನ್ನು ಪ್ಲಾಸ್ಟಿಕ್ ಹುಳದ ಮೈಯೊಳಗೇ ಮುಚ್ಚಿಡೋದು, ಕೊಂಬೆಗೆ ಸಿಕ್ಕಿಕೊಳ್ಳಲ್ಲ. ಅದನ್ನು ಎಳೆದುಕೊಂಡು ಬರೋದಲ್ಲ, ಬಿಟ್ಟು ಸುಮ್ನೆ ಕಾಯೋದು. ಬೀಳುವಾಗಲೇ ಕಚ್ಚೋದು ಜಾಸ್ತಿ. ದಾರದಲ್ಲಿ ಯಾರೋ ಬೆರಳಲ್ಲಿ ಮೀಟಿದ ಹಾಗೆ ಒಂದು ಟಕ್.

ಮೊದಲ ಎರಡು ಟಕ್‌ಗೆ ಗಾಬರಿಯಲ್ಲಿ ಎಳೆದು ಬರಿ ಹುಳ ವಾಪಸ್ ಬಂತು. ಮೂರನೆಯದಕ್ಕೆ ಮೀನು ಬಂತು, ಅಳತೆ ಪಟ್ಟಿಯ ಮೇಲೆ ಇಟ್ಟರೆ 17 ಇಂಚು. ಗಂಡ ಹುಳಿ ಬಿಟ್ಟ ಸಾರಿನ ಮಾತು ಎತ್ತಿದರು. ಆ ಕೆರೆಯಲ್ಲಿ 16ರಿಂದ 24 ಇಂಚಿನ ಬ್ಯಾಸ್ ಇಟ್ಟುಕೊಳ್ಳುವ ಹಾಗಿಲ್ಲ, ಬಿಡಲೇಬೇಕು. ಇದನ್ನು ಗಿರಾಕಿಗಳಿಗೆ ದಿನಾ ಹೇಳುವವಳು ನಾನೇ. ಕೆಳದುಟಿ ಹಿಡಿದು ನೀರಿಗೆ ಇಳಿಸಿದೆ, ಒಂದು ಕ್ಷಣ ಕೈಯಲ್ಲೇ ನಿಂತಿತ್ತು, ಆಮೇಲೆ ಇಲ್ಲ. ವಾಪಸ್ ಬರುವಾಗ ಗಂಡ ಬರ್ಗರ್ ತಿಂದರು, ಮಾತಾಡಲಿಲ್ಲ.

ಹೋದ ಜೂನ್‌ನಲ್ಲಿ ಶಿವಮೊಗ್ಗದ ಒಬ್ಬರು ಅಂಕಲ್ ಏಳೆಂಟು ವರ್ಷದ ಮೊಮ್ಮಗನ ಕೈ ಹಿಡಿದು ಅಂಗಡಿಗೆ ಬಂದರು. ಮಗನ ಮನೆಗೆ ಬಂದು ಎರಡು ತಿಂಗಳಾಗಿದೆ, ಹೊತ್ತು ಹೋಗ್ತಿಲ್ಲ. ನನ್ನ ಹೆಸರಿನ ಚೀಟಿ ನೋಡಿ "ಕನ್ನಡದವರೇನಮ್ಮಾ?" ಅಂದರು. ಹೌದು ಅಂದೆ. ದನಿ ತಗ್ಗಿಸಿ "ಎರೆಹುಳ ಇದೆಯಾ? ಇಲ್ಲಿ ಮಣ್ಣು ಕಲ್ಲಿನ ಹಾಗಿದೆ, ಅಗೆದರೂ ಒಂದೂ ಸಿಗಲಿಲ್ಲ" ಅಂದರು. ಫ್ರಿಜ್ ಬಾಗಿಲು ತೆಗೆದು ಡಬ್ಬಿ ಕೊಟ್ಟೆ.

"ಎರೆಹುಳಕ್ಕೂ ಫ್ರಿಜ್ಜಾ!"

ಅವರಿಗೆ ನಾನು ಮಾರಿದ್ದು ಆ ಡಬ್ಬಿ, ಹುಡುಗನಿಗೊಂದು ಗುಂಡಿ ಒತ್ತುವ ರೀಲು, ಒಂದು ಬೆಂಡು, ಚಿಕ್ಕ ಗಾಳದ ಪೊಟ್ಟಣ, ಅಷ್ಟೇ. ಲೈಸೆನ್ಸ್ ಬೇಕಾ ಅಂತ ಹೆದರಿದ್ದರು. ಹದಿನೇಳು ತುಂಬದ ಮಕ್ಕಳಿಗೆ ಬೇಡ, ದೊಡ್ಡವರಿಗೆ ಬೇಕು, ಆದರೆ ಟೆಕ್ಸಸ್‌ನ ಸ್ಟೇಟ್ ಪಾರ್ಕ್ ಒಳಗಿನ ದಡದಲ್ಲಿ ಕೂತರೆ ಯಾರಿಗೂ ಬೇಡ. ರೇ ರಾಬರ್ಟ್ಸ್ ಪಾರ್ಕಿಗೆ ಹೋಗಿ ಅಂತ ಬರೆದುಕೊಟ್ಟೆ. ಬೆಳಗ್ಗೆ ಬಿಸಿಲೇರುವ ಮೊದಲು, ನೆರಳಿನ ಕಡೆ.

ಮುಂದಿನ ಶನಿವಾರ ಬಂದರು. ಹುಡುಗ ಅಂಗೈ ಅಗಲದ ಬ್ಲೂಗಿಲ್ ಅನ್ನುವ ಮೀನು ಒಂಬತ್ತು ಹಿಡಿದಿದ್ದಾನೆ, ಜೊತೆಗೆ ಒಂದು ಗೇಣು ಬ್ಯಾಸ್, ಎಲ್ಲ ವಾಪಸ್ ನೀರಿಗೆ. ಫೋಟೋ ತೋರಿಸಿದಮೇಲೆ ಅಂಕಲ್ ಚೀಲದಿಂದ ಡಬ್ಬಿ ತೆಗೆದು ಕೌಂಟರಿನ ಮೇಲೆ ಇಟ್ಟರು. "ಅರ್ಧ ಉಳಿದಿದೆಯಮ್ಮಾ. ಸೊಸೆ ಫ್ರಿಜ್ಜಿನಲ್ಲಿ ಇಡಬೇಡಿ ಅಂತಾಳೆ. ವಾಪಸ್ ತಗೊಳ್ತೀರಾ?"

ಜೀವ ಇರೋದನ್ನು ವಾಪಸ್ ತಗೊಳ್ಳಲು ಅಂಗಡಿ ನಿಯಮ ಒಪ್ಪಲ್ಲ. ಡಬ್ಬಿ ಇಸಿದುಕೊಂಡೆ. ಸಂಜೆ ಮನೆಗೆ ಹೋಗಿ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಸುರಿದು ಮೇಲೆ ಒಂದು ಚೊಂಬು ನೀರು ಹಾಕಿದೆ.