ಎಂಬೋ ಎಂಬ ಊರಿನ ಒದ್ದೆ ಮರಳು

"ಗಮ್‌ಬೂಟ್ ತರಬೇಕಿತ್ತು" ಅಂತ ನನ್ನ ಹೆಂಡತಿ ಮೂರನೇ ಸಲ ಹೇಳುವ ಹೊತ್ತಿಗೆ ನನ್ನ ಎಡಗಾಲು ಮೀನಖಂಡದವರೆಗೆ ನೀರಲ್ಲಿತ್ತು. ಹುಲ್ಲು ಅಂದ್ಕೊಂಡು ಕಾಲಿಟ್ಟಿದ್ದೆ. ಹುಲ್ಲೇನೋ ಹುಲ್ಲೇ. ಅದರ ಬುಡದಲ್ಲಿ ಒಂದು ಅಡಿ ನೀರು ನಿಂತಿದೆ ಅಂತ ಮೇಲಿನಿಂದ ಗೊತ್ತೇ ಆಗಲ್ಲ.

2024ರ ಫೆಬ್ರವರಿ 3, ಶನಿವಾರ. ಸ್ಕಾಟ್ಲೆಂಡಿನ ಉತ್ತರ ಭಾಗದ ಪೂರ್ವ ಕಡಲ ಅಂಚಿನಲ್ಲಿ ಎಂಬೋ ಎಂಬ ಊರು. (ಕನ್ನಡದವರಿಗೆ ಹೇಳೋಕೇ ಒಂಥರಾ ಮಜಾ.) ಊರಿಗೆ ಅಂಟಿಕೊಂಡೇ ಕೂಲ್ ಲಿಂಕ್ಸ್ ಅನ್ನುವ ಮರಳು ದಿಬ್ಬಗಳ ಸಾಲು ಇದೆ. ಅಲ್ಲಿ 18 ಹೋಲ್‌ಗಳ ಗಾಲ್ಫ್ ಮೈದಾನ ಮಾಡಬೇಕು ಅಂತ ಕೆಲವರು, ಕೂಡದು ಅಂತ ಕೆಲವರು, ವರ್ಷಗಳಿಂದ ಜಗಳ ಆಡ್ತಿದ್ದರು. ನಾವಿರೋದು ಅಬರ್ಡೀನ್‌ನಲ್ಲಿ. ಹೊಟ್ಟೆಪಾಡಿಗೆ ನಾನು ಮಾಡೋದು ಮಳೆನೀರಿನ ಲೆಕ್ಕ: ಎಷ್ಟು ಬೀಳುತ್ತೆ, ಎಲ್ಲಿ ಇಂಗುತ್ತೆ, ಎಲ್ಲಿಗೆ ಹರಿಯುತ್ತೆ. ಯೋಜನೆಯ ಕಾಗದಪತ್ರ ಯಾರು ಬೇಕಾದರೂ ಓದಬಹುದು. ನಾನು ಓದಿದೆ. ಓದಿದ ಮೇಲೆ ಜಾಗ ನೋಡದೆ ಇರೋಕೆ ಆಗಲಿಲ್ಲ.

ಬೆಳಗಿನ ಐದೂವರೆಗೆ ಹೊರಟೆವು. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕ್‌ನಲ್ಲಿ ಕಾಫಿ. ಇನ್ವರ್ನೆಸ್ ದಾಟುವವರೆಗೂ ಕತ್ತಲು, ಮಂಜು, ಲಾರಿಗಳ ಹಿಂಬದಿ ದೀಪ. ಅಲ್ಲಿಂದ ಮುಂದೆ ದಾರಿ ಒಂದಾದ ಮೇಲೊಂದು ಕಡಲ ತೋಳು ದಾಟಿಕೊಂಡು ಹೋಗುತ್ತೆ. ಮೂರು ದೊಡ್ಡ ಸೇತುವೆ. ಕೊನೆಯದು ಡಾರ್ನಾಕ್ ಸೇತುವೆ, 1991ರದ್ದು. ಅದಕ್ಕೂ ಮುಂಚೆ ಈ ನೀರನ್ನು ಸುತ್ತು ಹಾಕಿಕೊಂಡೇ ಹೋಗಬೇಕಿತ್ತಂತೆ.

ಡಾರ್ನಾಕ್ ಪುಟ್ಟ ಊರು. ಹದಿಮೂರನೇ ಶತಮಾನದ ಚರ್ಚು, ಜೇನುಬಣ್ಣದ ಕಲ್ಲಿನ ಮನೆಗಳು. ಆದರೆ ಊರು ಬದುಕಿರೋದು ಗಾಲ್ಫಿನಿಂದ. ಇಲ್ಲಿ ಗಾಲ್ಫ್ ಆಡಿದ್ದಕ್ಕೆ 1616ರಷ್ಟು ಹಳೆಯ ದಾಖಲೆ ಇದೆ, ಕ್ಲಬ್ಬು ಶುರುವಾದದ್ದು 1877ರಲ್ಲಿ. ಬೇಸಿಗೆಯಲ್ಲಿ ಅಮೆರಿಕನ್ನರು ತಿರುಪತಿಗೆ ಬಂದಹಾಗೆ ಬರ್ತಾರೆ. ಗಾಲ್ಫ್ ಬೆಳೆದದ್ದೇ ಇಂಥ ನೆಲದಲ್ಲಿ ಅನ್ನೋದನ್ನೂ ಹೇಳಬೇಕು. ಹೊಲಕ್ಕೂ ಕಡಲಿಗೂ ನಡುವಿನ ಮರಳು ನೆಲಕ್ಕೆ 'ಲಿಂಕ್ಸ್' ಅಂತ ಹೆಸರು. ಬೇಸಾಯಕ್ಕೆ ಬಾರದ ನೆಲ. ಕುರಿ ಮೇದು ಹುಲ್ಲು ಗಿಡ್ಡ ಮಾಡುತ್ತಿದ್ದವು, ಜನ ಚೆಂಡು ಹೊಡೆಯುತ್ತಿದ್ದರು. ಆಗ ಸ್ಪ್ರಿಂಕ್ಲರ್ ಎಲ್ಲಿತ್ತು, ಗೊಬ್ಬರ ಎಲ್ಲಿತ್ತು?

ಎಂಬೋ ಅಲ್ಲಿಂದ ಎರಡು-ಮೂರು ಕಿಲೋಮೀಟರ್. ಹಳೇ ಮೀನುಗಾರರ ಹಳ್ಳಿ. ಗಿಡ್ಡ ಮನೆಗಳು, ಪಕ್ಕದಲ್ಲಿ ಚಳಿಗಾಲಕ್ಕೆ ಬಣಗುಟ್ಟುವ ಹಾಲಿಡೇ ಪಾರ್ಕ್. 1988ರ ಜುಲೈ 16ರಂದು ಈ ಊರು ಒಂದು ದಿನದ ಮಟ್ಟಿಗೆ ತಾನೇ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡಿತ್ತು. ಸಮುದಾಯ ಭವನಕ್ಕೆ ದುಡ್ಡು ಕೂಡಿಸೋಕೆ! ಅವತ್ತಿನ ನಾಣ್ಯದ ಹೆಸರು 'ಕಡ್ಡಿ'. ಇಂಥವರ ಮೇಲೆ ಪ್ರೀತಿ ಹುಟ್ಟದೆ ಇರುತ್ತಾ?

ಹಿಂದೆ ಡಾರ್ನಾಕ್‌ಗೆ ಪುಟ್ಟ ರೈಲೊಂದು ಓಡುತ್ತಿತ್ತು, 1902ರಿಂದ 1960ರವರೆಗೆ. ಆ ಹಳಿಯ ಜಾಡು ಈಗ ಕಾಲುದಾರಿ. ಅದರಲ್ಲೇ ಉತ್ತರಕ್ಕೆ ನಡೆದೆವು. ಬಲಗಡೆ ದಿಬ್ಬ, ಅದರಾಚೆ ಕಡಲಿನ ಸದ್ದು. ಆದರೆ ಕಣ್ಣಿಗೆ ಮೊದಲು ಬಿದ್ದದ್ದು ಕಡಲಲ್ಲ, ದಿಬ್ಬಗಳ ನಡುವೆ ತಟ್ಟೆಗಳ ಹಾಗೆ ಹರಡಿಕೊಂಡಿದ್ದ ನೀರು.

"ರೀ, ನಕ್ಷೆಯಲ್ಲಿ ಇದು ಹುಲ್ಲುಗಾವಲು ಅಂತ ತಾನೇ ಇದೆ?" ಅಂದಳು.

ಇದೆ. ಬೇಸಿಗೆಯಲ್ಲಿ ಬಂದಿದ್ದರೆ ಹುಲ್ಲುಗಾವಲೇ ಕಾಣ್ತಿತ್ತು. ಈ ತಗ್ಗುಗಳಿಗೆ ಇಲ್ಲಿಯವರು 'ಸ್ಲ್ಯಾಕ್' ಅಂತಾರೆ. ಮರಳಿನೊಳಗೆ ಮಳೆನೀರು ಸ್ಪಂಜಿನಲ್ಲಿ ನಿಂತಹಾಗೆ ನಿಂತಿರುತ್ತೆ. ಸಿಹಿನೀರು ಹಗುರ, ಕಡಲಿನ ಉಪ್ಪುನೀರು ಭಾರ. ಹಾಗಾಗಿ ಇದು ಅದರ ಮೇಲೆ ತೇಲಿಕೊಂಡಿರುತ್ತೆ. ಚಳಿಗಾಲದ ಮಳೆಗೆ ಒಳಗಿನ ನೀರು ಮೇಲೇರಿ, ತಗ್ಗು ಇರೋ ಕಡೆ ನೆಲದಿಂದ ಹೊರಗೆ ಬರುತ್ತೆ. ಬೇಸಿಗೆಗೆ ಇಳಿದುಹೋಗುತ್ತೆ. ವರ್ಷಕ್ಕೆ ಒಂದೇ ಸಲ ಎಳೆದು ಬಿಡುವ ಉಸಿರು. ಈ ಏರಿಳಿತಕ್ಕೆ ಒಗ್ಗಿದ ಗಿಡಗಳಷ್ಟೇ ಇಲ್ಲಿ ಉಳಿಯೋದು. ಮರಳಲ್ಲಿ ಸಾರ ಇಲ್ಲ, ಅದಕ್ಕೇ ಒರಟು ಹುಲ್ಲು ಬಂದು ಇವನ್ನೆಲ್ಲ ನುಂಗಲ್ಲ.

ನಾನು ಒದ್ದೆ ಕಾಲು ಎತ್ತಿಕೊಂಡು ಅಲ್ಲೇ ಕೂತು ನೋಡಿದೆ. ನೀರಿನ ಅಂಚಿನಲ್ಲಿ ಬೆರಳಿನ ಉಗುರಿನಷ್ಟು ತೆಳ್ಳಗೆ ಐಸ್ ಕಟ್ಟಿತ್ತು. ಅದರ ಕೆಳಗೆ ಪಾಚಿ ಎಷ್ಟು ಹಸಿರು ಅಂದ್ರೆ, ಈಗಷ್ಟೇ ಬಿಡಿಸಿ ತಂದ ಕೊತ್ತಂಬರಿ ಹಾಗೆ. ಒಂದಡಿ ಮೇಲೆ ದಿಬ್ಬದ ಇಳಿಜಾರಿನಲ್ಲಿ ಒಣ ಮರಳು, ಕುರುಚಲು ಹೆದರ್ ಗಿಡ, ಮುಳ್ಳುಮುಳ್ಳಾದ ಜ್ಯೂನಿಪರ್ ಪೊದೆ. ನೀರಿನಿಂದ ಒಂದೇ ಒಂದು ಅಡಿ ಎತ್ತರ ಬದಲಾದರೆ ಸಾಕು, ಅಲ್ಲಿರೋ ಜೀವಗಳೇ ಬೇರೆ. ಅಷ್ಟರಲ್ಲಿ ಆಚೆ ತಗ್ಗಿನಿಂದ ಶಿಳ್ಳೆ. ಮನುಷ್ಯರೇ ಹೊಡೆದಹಾಗಿತ್ತು. ಹತ್ತಿಪ್ಪತ್ತು ವಿಜನ್ ಬಾತುಗಳು ನಮ್ಮನ್ನು ನೋಡಿ ಎದ್ದು, ಒಂದು ಸುತ್ತು ಹಾಕಿ, ದೂರದಲ್ಲಿ ಇಳಿದವು. ನಾವಿಬ್ಬರು ಸುಮ್ನೆ ನಡೆದುಹೋಗಿದ್ದಕ್ಕೇ ಇಷ್ಟು.

ಈ ಜಾಗಕ್ಕೆ ಪಕ್ಕದ ಲಾಕ್ ಫ್ಲೀಟ್ ಅನ್ನುವ ಕಡಲ ತೋಳಿನ ಜೊತೆ ರಾಮ್ಸರ್ ಪಟ್ಟವೂ ಇದೆ, ಅಂದ್ರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಯಲ್ಲಿ ಜಾಗ. ನಾವು ಹೋಗುವ ಮೂರು ದಿನದ ಹಿಂದಷ್ಟೇ ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಮೂರಕ್ಕೂ ಅದೇ ಪಟ್ಟ ಸಿಕ್ಕಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ್ದರು. ಪಟ್ಟ ಇದ್ದರೆ ಜಾಗ ಉಳಿಯುತ್ತೆ ಅಂತ ಎಲ್ಲರ ನಂಬಿಕೆ. ಈ ತಗ್ಗುಗಳಿಗೂ ಪಟ್ಟ ಇತ್ತು, ಗಾಲ್ಫ್ ಮೈದಾನದ ಅರ್ಜಿಯೂ ಇತ್ತು.

ಕತೆ ಹೀಗಿದೆ. ಮೊದಲ ಅರ್ಜಿಗೆ ಅಮೆರಿಕದ ಹೂಡಿಕೆದಾರರ ಬೆಂಬಲ ಇತ್ತು. ಇಲ್ಲಿನ ಸ್ಥಳೀಯ ಆಡಳಿತ ಹೈಲ್ಯಾಂಡ್ ಕೌನ್ಸಿಲ್. ಅದರ ಅಧಿಕಾರಿಗಳು ಬೇಡ ಅಂದರೂ 2018ರಲ್ಲಿ ಸದಸ್ಯರು ಸೈ ಅಂದರು. ಸ್ಕಾಟ್ಲೆಂಡ್ ಸರ್ಕಾರ ಕಡತ ತನ್ನ ಕೈಗೆ ತಗೊಂಡು, ವಿಚಾರಣೆ ಮಾಡಿಸಿ, 2020ರ ಫೆಬ್ರವರಿಯಲ್ಲಿ ತಿರಸ್ಕರಿಸಿತು. ಮುಗೀತು ಅಂದ್ಕೊಂಡರು. ಆಮೇಲೆ ಊರಿನವರೇ ಕೆಲವರು ಗುಂಪು ಕಟ್ಟಿಕೊಂಡು ಹೊಸ ಅರ್ಜಿ ಹಾಕಿದರು. 2023ರ ಡಿಸೆಂಬರ್‌ನಲ್ಲಿ ಕೌನ್ಸಿಲ್ ಸದಸ್ಯರು ಮತ್ತೆ ಅಧಿಕಾರಿಗಳ ಮಾತು ಮೀರಿ ಒಪ್ಪಿಬಿಟ್ಟರು. ಪ್ರಕೃತಿ ಸಂರಕ್ಷಣೆಯ ಸರ್ಕಾರಿ ಸಂಸ್ಥೆ ನೇಚರ್‌ಸ್ಕಾಟ್ ಎರಡು ಸಲವೂ ಆಕ್ಷೇಪ ಎತ್ತಿತ್ತು.

ಹೊಸ ಯೋಜನೆ ಮೊದಲಿನದಕ್ಕಿಂತ ಮೆತ್ತಗಿದೆ, ಒಪ್ಪಬೇಕು. ನೆಲ ಅಗೆಯೋದು ಕಮ್ಮಿ, ಇರೋ ಹುಲ್ಲನ್ನೇ ಕತ್ತರಿಸಿ ಫೇರ್‌ವೇ, ಅಂದ್ರೆ ಆಟದ ಪಟ್ಟಿ, ಮಾಡ್ತೀವಿ ಅಂದಿದ್ದರು. ನಕ್ಷೆಯಲ್ಲಿ ಆಟದ ಪಟ್ಟಿಗಳು ತಗ್ಗುಗಳನ್ನು ತಪ್ಪಿಸಿಕೊಂಡು ಹಾವಿನ ಹಾಗೆ ಹೋಗುತ್ತವೆ. ಅಲ್ಲಿ ನಿಂತಾಗ ನನಗೆ ಕಿರಿಕಿರಿ ಆದದ್ದು ಅಲ್ಲೇ. ನಕ್ಷೆಯಲ್ಲಿ ಪಟ್ಟಿಗೂ ತಗ್ಗಿಗೂ ನಡುವೆ ಗೆರೆ ಇದೆ. ಮರಳಿನೊಳಗೆ ಗೆರೆ ಇಲ್ಲ. ದಿಬ್ಬದ ಮೇಲಿನ ಗ್ರೀನ್‌ಗೆ (ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಹಾಕಿದ ಗೊಬ್ಬರ ಮಳೆಯಲ್ಲಿ ಇಂಗಿ ಕೆಳಗಿಳಿದರೆ ಹೋಗೋದು ಎಲ್ಲಿಗೆ? ಕೆಳಗಿರೋದು ಒಂದೇ ನೀರು. ಬಡ ನೆಲಕ್ಕೆ ಸಾರ ಸಿಕ್ಕಿದ ಕೂಡಲೇ ಒರಟು ಹುಲ್ಲು ಗೆಲ್ಲುತ್ತೆ. ಎಷ್ಟು ಎಕರೆ ಹೋಗುತ್ತೆ ಅನ್ನೋ ಲೆಕ್ಕ ಸರಿಯಿರಬಹುದು, ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ.

ಈ ದಿಬ್ಬಗಳಲ್ಲಿ ಫೊನ್ಸೆಕಾ ನೊಣ ಅಂತ ಒಂದಿದೆ. ಜಗತ್ತಿನಲ್ಲಿ ಈ ಕರಾವಳಿಯ ತುಣುಕಿನಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಕ್ಕಿಲ್ಲ. ಫೆಬ್ರವರಿಯಲ್ಲಿ ಕಾಣೋದಿಲ್ಲ. ಕಂಡರೂ ನನಗೆ ಮನೆ ನೊಣಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲ್ಲ ಬಿಡಿ.

ವಾಪಸ್ ಬರುವಾಗ ನಾಯಿ ಅಡ್ಡಾಡಿಸುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. ನನ್ನ ಕಾಲು ನೋಡಿ ನಕ್ಕರು. ನೀವು ಯಾರ ಪರ ಅಂತ ನೇರವಾಗೇ ಕೇಳಿದರು. ನಾನು ನೀರಿನ ಪರ ಅಂದೆ. ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲಿನ ಮಕ್ಕಳೆಲ್ಲ ಓದಿ ಹೊರಟುಹೋಗ್ತಾರೆ. ನನ್ನ ಮೊಮ್ಮಕ್ಕಳೂ ನಿಮ್ಮ ಅಬರ್ಡೀನ್‌ನಲ್ಲೇ ಇದ್ದಾರೆ. ನೀವು ಬಂದು ಬಾತುಕೋಳಿ ನೋಡಿ ಸಂಜೆ ಮನೆಗೆ ಹೋಗ್ತೀರಿ. ನಾನು ಇಲ್ಲೇ ಇರ್ತೀನಿ" ಅಂದರು. ಮತ ಕೇಳಿದಾಗ ಹಾಕಿದವರಲ್ಲಿ ಹೆಚ್ಚಿನವರು ಗಾಲ್ಫ್ ಬೇಕು ಅಂದಿದ್ದು ನನಗೂ ಗೊತ್ತಿತ್ತು. ಅಬರ್ಡೀನ್‌ನ ಉತ್ತರಕ್ಕಿರುವ ಮೆನೀ ದಿಬ್ಬಗಳ ಬಗ್ಗೆ ಹೇಳಿದೆ. ಅಲ್ಲಿ ಟ್ರಂಪ್ ಗಾಲ್ಫ್ ಮೈದಾನ 2012ರಲ್ಲಿ ತೆರೆಯಿತು, 2020ರ ಕೊನೆಗೆ ಆ ಭಾಗದ ಸಂರಕ್ಷಿತ ಪಟ್ಟವೇ ಹೋಯಿತು, ಉಳಿಸೋಕೆ ಏನೂ ಉಳಿದಿಲ್ಲ ಅಂತ. "ಇವರು ಅವನಂಥವರಲ್ಲ" ಅಂದರು ಅಜ್ಜ. ಅದೂ ನಿಜವೇ ಇರಬಹುದು.

ಹೊರಡುವ ಮುನ್ನ ಲಾಕ್ ಫ್ಲೀಟ್ ತುದಿಯ 'ಮೌಂಡ್' ಏರಿಗೆ ಹೋದೆವು. 1816ರಲ್ಲಿ ರಸ್ತೆಗಾಗಿ ಕಟ್ಟಿದ್ದು, ಥಾಮಸ್ ಟೆಲ್ಫರ್ಡ್ ಕಾಲದ್ದು. ನದಿ ನೀರನ್ನು ಬಿಟ್ಟು ಕಡಲನ್ನು ತಡೆಯುವ ತೂಬುಗಳಿವೆ. ಏರಿಯ ಹಿಂದೆ ಉಪ್ಪು ಹೋಗಿ, ಕೆಸರಲ್ಲಿ ಆಲ್ಡರ್ ಮರಗಳ ಕಾಡೇ ಬೆಳೆದಿದೆ. ಈಗ ಆ ಕಾಡಿಗೂ ರಕ್ಷಣೆ. ಮನುಷ್ಯ ಕೈ ಹಾಕಿದ್ದೆಲ್ಲ ಹಾಳಾಗುತ್ತೆ ಅಂತ ಹೇಳೋಕೂ ಆಗಲ್ಲ, ಅಲ್ವಾ? ಹಾಗಂತ ಬೆಂಗಳೂರಿನ ಚಲ್ಲಘಟ್ಟ ಕೆರೆ ಇದ್ದ ಜಾಗದ ಗಾಲ್ಫ್ ಹುಲ್ಲನ್ನು ಬೇಲಿಯಾಚೆಯಿಂದ ನೋಡಿಕೊಂಡೇ ಬೆಳೆದವನು ನಾನು. ಅಲ್ಲಿ ಒಂದು ಕಾಲದಲ್ಲಿ ಕೆರೆ ಇತ್ತು ಅಂತ ಮಾವ ಹೇಳಿದಾಗ ನಂಬಿರಲಿಲ್ಲ.

ಐದು ಗಂಟೆಗೆಲ್ಲ ಕತ್ತಲು ಕವಿಯಿತು. ಕಾರಿನಲ್ಲಿ ಹೀಟರ್ ಜೋರಾಗಿ ಹಾಕಿ ಸಾಕ್ಸ್ ಒಣಗಲು ಬಿಟ್ಟಿದ್ದೆ. ವಾಸನೆಗೆ ಕಿಟಕಿ ಇಳಿಸಬೇಕಾಯಿತು.

"ಆ ಅಜ್ಜನಿಗೆ ಕೊನೆಗೆ ಏನಂದ್ರಿ?" ಅಂತ ಹೆಂಡತಿ ಕೇಳಿದಳು.

"ಚಿತ್ರಾನ್ನ ಕೊಟ್ಟೆ. ಖಾರ ಅಂದರು. ಡಬ್ಬಿ ಖಾಲಿ ಮಾಡಿದರು."