ಮರಾಠಾ ಪಲ್ಟನ್ನಿನ ಗೋಲ್‌ಕೀಪರ್‌ಗಾಗಿ ಬೆಳಗಾವಿಗೆ

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಖಾನಾಪುರ ದಾಟುವಾಗ ಬೆಳಕು ಹರಿದಿತ್ತು. ಮಳೆಗಾಲ ಶುರುವಾಗಿತ್ತು. ಹಳಿಯ ಪಕ್ಕದ ಗದ್ದೆಗಳಲ್ಲಿ ನೀರು ನಿಂತಿತ್ತು, ಕಿಟಕಿಯಿಂದ ಬರುತ್ತಿದ್ದ ಗಾಳಿಗೆ ಶಾಲು ಹೊದ್ದುಕೊಳ್ಳುವ ಹಾಗಾಗಿತ್ತು. ಬೆಳಗಾವಿಗೆ ಜನ ಮದುವೆಗೆ ಬರ್ತಾರೆ, ಅಧಿವೇಶನಕ್ಕೆ ಬರ್ತಾರೆ, ಗೋಕಾಕ ಜಲಪಾತಕ್ಕೆ ಹೋಗುವ ದಾರಿಯಲ್ಲಿ ಬರ್ತಾರೆ. ನಾನು ಬಂದದ್ದು ಒಬ್ಬ ಗೋಲ್‌ಕೀಪರ್‌ಗಾಗಿ.

ಭಾರತದ ಹಾಕಿಗೆ ಒಂದು ಹಾಲ್ ಆಫ್ ಫೇಮ್, ಅಂದರೆ ಮಹಾನ್ ಆಟಗಾರರ ಹೆಸರು ಬರೆದಿಡುವ ಗೋಡೆ, ಕಟ್ಟಿದರೆ ಮೊದಲ ಸಾಲಿನಲ್ಲಿ ಯಾರು ಕೂರಬೇಕು? ಬೆಳಗಾವಿಯಲ್ಲಿರುವ ನನ್ನ ಗೆಳೆಯನಿಗೂ ನನಗೂ ಇದರ ಬಗ್ಗೆ ಫೋನಿನಲ್ಲಿ ಬಹಳ ದಿನಗಳಿಂದ ಜಗಳ. ಧ್ಯಾನ್‌ಚಂದ್ ಬಗ್ಗೆ ತಕರಾರಿಲ್ಲ. ಬಲ್ಬೀರ್ ಸಿಂಗ್ ಸೀನಿಯರ್ ಬಗ್ಗೆಯೂ ಇಲ್ಲ. ನಾನು ಶಂಕರ್ ಲಕ್ಷ್ಮಣ್ ಅಂದ ಕೂಡಲೇ ಅವನು, 'ಅವರು ಒಳ್ಳೇ ಗೋಲ್‌ಕೀಪರ್, ಒಪ್ಪಿದೆ. ಆದರೆ ಆ ಸಾಲಿಗೆ?' ಅನ್ನುತ್ತಾನೆ. 'ನಿಮ್ಮೂರಿನ ಪಲ್ಟನ್ನಿನವರೇ ಅಲ್ವಾ, ನಿನಗೇ ಬೇಡವಾದರೆ ಹೇಗೆ?' ಅಂತ ನಾನು. ಎದುರೆದುರು ಕೂತು ಮಾತಾಡೋಣ ಅಂತ ಹೊರಟುಬಂದೆ.

ಶಂಕರ್ ಲಕ್ಷ್ಮಣ್ ಹುಟ್ಟಿದ್ದು 1933ರಲ್ಲಿ, ಮಧ್ಯಪ್ರದೇಶದ ಮ್ಹೌ ಎಂಬ ಕಂಟೋನ್ಮೆಂಟ್ ಊರಿನಲ್ಲಿ. ಸೇನೆಯ ಬ್ಯಾಂಡಿನ ಹುಡುಗನಾಗಿ ಸೇರಿ, 1979ರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕ್ಯಾಪ್ಟನ್ ಆಗಿ ನಿವೃತ್ತರಾದರು. ಆ ರೆಜಿಮೆಂಟಿನ ಕೇಂದ್ರ ಇರುವುದೇ ಬೆಳಗಾವಿಯಲ್ಲಿ. 1768ರಷ್ಟು ಹಿಂದಕ್ಕೆ ಹೋಗುವ ಇತಿಹಾಸ ಅದಕ್ಕಿದೆ.

ಮೊದಲ ದಿನ ಗೆಳೆಯ ನನ್ನನ್ನು ಕೋಟೆಗೆ ಕರೆದುಕೊಂಡು ಹೋದ. ರಟ್ಟರ ಕಾಲದ ಕೋಟೆ. ಒಳಗಿನ ಕಮಲ ಬಸದಿ 1204ರದ್ದು. ತಲೆ ಎತ್ತಿ ನೋಡಿದರೆ ಚಾವಣಿಯಿಂದ ಕಲ್ಲಿನ ಕಮಲ ಕೆಳಮುಖವಾಗಿ ಇಳಿದಿದೆ, ಎಸಳುಗಳ ಅಂಚು ಇನ್ನೂ ಚೂಪಾಗಿವೆ. ಚೆನ್ನಾಗಿದೆ, ನೋಡಲೇಬೇಕು. ಆದರೆ ನನ್ನ ಮನಸ್ಸೆಲ್ಲ ಸೇನೆಯವರಿರುವ ಕ್ಯಾಂಪ್ ಕಡೆಗಿತ್ತು.

ಕ್ಯಾಂಪ್ ಪ್ರದೇಶಕ್ಕೆ ಕಾಲಿಟ್ಟರೆ ಊರೇ ಬದಲಾಗುತ್ತದೆ. ದೊಡ್ಡ ಮರಗಳು, ನೇರ ರಸ್ತೆಗಳು, ಸುಣ್ಣ ಬಳಿದ ಕಲ್ಲುಗಳ ಸಾಲು. ರೆಜಿಮೆಂಟಿನ ಗೇಟಿನೊಳಗೆ ನಮ್ಮಂಥವರನ್ನು ಸುಮ್ನೆ ಬಿಡೋದಿಲ್ಲ, ಬಿಡಲೂಬಾರದು. ರಸ್ತೆಯ ಈಚೆ ನಿಂತು ನೋಡಿದೆವು. ತಲೆ ಬೋಳಿಸಿದ ಹುಡುಗರ ಒಂದು ತುಕಡಿ ಓಡುತ್ತಾ ಹೋಯಿತು. ಎಲ್ಲರ ಬೂಟೂ ಕೆಂಪು ಕೆಸರು. ಹಿಂದಿದ್ದ ಒಬ್ಬ ಏದುಸಿರು ಬಿಡುತ್ತಿದ್ದ, ಪಕ್ಕದವನು ಅವನ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತಾ ಓಡುತ್ತಿದ್ದ. ಇಂಥದ್ದೇ ಸಮವಸ್ತ್ರದಿಂದ ಎದ್ದುಬಂದ ಒಬ್ಬರು ಮೂರು ಒಲಿಂಪಿಕ್ ಫೈನಲ್‌ಗಳಲ್ಲಿ ಭಾರತದ ಗೋಲು ಕಾದರು ಅನ್ನೋದು ಅಲ್ಲಿ ನಿಂತಾಗ ಇನ್ನೂ ಹತ್ತಿರದ ಮಾತು ಅನ್ನಿಸಿತು.

ಸೇನೆಯವರೇ ನೋಡಿಕೊಳ್ಳುವ ಮಿಲಿಟರಿ ಮಹಾದೇವ ಗುಡಿಗೆ ಕೈಮುಗಿದು ಹೊರಬಂದಾಗ ಗೆಳೆಯನ ಪರಿಚಯದ ನಿವೃತ್ತ ಸುಬೇದಾರರೊಬ್ಬರು ಸಿಕ್ಕರು. 'ಬರ್ರಿ, ಚಾ ಕುಡ್ಯೋಣು' ಅಂತ ಅವರೇ ಕರೆದರು. ವಿಷಯ ಏನು ಅಂತ ಗೊತ್ತಾದ ಮೇಲೆ ಚಹಾ ಒಂದಕ್ಕೆ ನಿಲ್ಲಲಿಲ್ಲ.

ಗೆಳೆಯನ ಮೊದಲ ವಾದ ಇದು: ಆ ಕಾಲದಲ್ಲಿ ಭಾರತ ಯಾರನ್ನು ಗೋಲಿನಲ್ಲಿ ನಿಲ್ಲಿಸಿದ್ದರೂ ಗೆಲ್ಲುತ್ತಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ 16, ಅಫ್ಘಾನಿಸ್ತಾನಕ್ಕೆ 14 ಗೋಲು ಹೊಡೆದ ತಂಡ ಅದು. ಅಂಥ ತಂಡದಲ್ಲಿ ಗೋಲ್‌ಕೀಪರ್‌ಗೆ ಏನು ಕೆಲಸ?

ಈ ಮಾತು ಮೊದಲ ಸುತ್ತಿಗೆ ಸರಿ, ಫೈನಲ್‌ಗೆ ಅಲ್ಲ. ಮೆಲ್ಬರ್ನ್ ಸೆಮಿಫೈನಲ್‌ನಲ್ಲಿ ಜರ್ಮನಿ ವಿರುದ್ಧ 1-0. ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಮತ್ತೆ 1-0. ಒಂದೇ ಒಂದು ಗೋಲು ಒಳಗೆ ಹೋಗಿದ್ದರೂ ಕಥೆ ಬೇರೆ ಆಗುತ್ತಿತ್ತು. ಇಡೀ ಕೂಟದಲ್ಲಿ ಭಾರತ 38 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. 1960ರ ರೋಮ್ ಫೈನಲ್‌ನಲ್ಲಿ ನಾಸೀರ್ ಬುಂದಾ ಹೊಡೆದ ಒಂದು ಗೋಲಿನಿಂದ ಪಾಕಿಸ್ತಾನ ಗೆದ್ದಿತು. ಒಲಿಂಪಿಕ್ ಹಾಕಿಯಲ್ಲಿ ಭಾರತಕ್ಕೆ ಅದೇ ಮೊದಲ ಸೋಲು. ಗೋಲ್‌ಕೀಪರ್ ಬಿಟ್ಟದ್ದು ಒಂದು, ಮುಂದಿನ ಸಾಲಿನವರು ಹೊಡೆದದ್ದು ಸೊನ್ನೆ. 1964ರ ಟೋಕಿಯೊ ಫೈನಲ್‌ನಲ್ಲಿ ಮೋಹಿಂದರ್ ಲಾಲ್ ಪೆನಾಲ್ಟಿ ಸ್ಟ್ರೋಕ್‌ನಿಂದ ಗೋಲು ಹೊಡೆದ ಮೇಲೆ ಪಾಕಿಸ್ತಾನ ಮೈಮೇಲೆ ಬಿದ್ದು ಆಡಿತು. ಪೆನಾಲ್ಟಿ ಕಾರ್ನರ್‌ಗಳನ್ನೆಲ್ಲ ಶಂಕರ್ ತಡೆದರು. ಮತ್ತೆ 1-0, ಮತ್ತೆ ಚಿನ್ನ.

'ಮೂರು ಒಲಿಂಪಿಕ್ ಫೈನಲ್, ಎದುರಿಗೆ ಪಾಕಿಸ್ತಾನ, ಒಟ್ಟು ಬಿಟ್ಟದ್ದು ಒಂದು ಗೋಲು' ಅಂದೆ. ಸುಬೇದಾರರು ಗ್ಲಾಸು ಕೆಳಗಿಟ್ಟರು. 'ಇನ್ನೇನ್ ಬೇಕ್ರೀ?' ಅಂದರು. ಗೆಳೆಯ ಸುಮ್ಮನಿದ್ದ.

ಆಗ ಇವತ್ತಿನ ಹಾಗೆ ಕೃತಕ ಹುಲ್ಲಿನ ಟರ್ಫ್ ಇರಲಿಲ್ಲ. ಹುಲ್ಲಿನ ಮೈದಾನ, ಚೆಂಡು ಎಲ್ಲಿ ಪುಟಿಯುತ್ತದೋ ಗೊತ್ತಿಲ್ಲ. ಹೆಲ್ಮೆಟ್ ಇಲ್ಲ. ಕಾಲಿಗೆ ಕ್ರಿಕೆಟ್‌ನ ಹಾಗೆ ಪ್ಯಾಡು, ಕೈಯಲ್ಲಿ ಒಂದು ಸ್ಟಿಕ್ಕು. ಹಾಕಿ ಚೆಂಡಿನ ತೂಕ ಸುಮಾರು 160 ಗ್ರಾಂ, ಗಟ್ಟಿ. ಕಾಯಬೇಕಾದ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಮುಖಕ್ಕೆ ಏನೂ ಇಲ್ಲದೆ ಅದರ ಮುಂದೆ ನಿಲ್ಲುವುದು ಏನು ಅಂತ ನನಗೆ ಸಂಜೆ ಸ್ವಲ್ಪ ಅರ್ಥವಾಯಿತು. ಟಿಳಕವಾಡಿಯ ಒಂದು ಮೈದಾನದಲ್ಲಿ ಹುಡುಗಿಯರು ಹಾಕಿ ಅಭ್ಯಾಸ ಮಾಡುತ್ತಿದ್ದರು. ಗೋಲಿನಲ್ಲಿದ್ದ ಪುಟ್ಟ ಹುಡುಗಿಗೆ ಪ್ಯಾಡು ತೊಡೆಯವರೆಗೆ ಬರುತ್ತಿತ್ತು. ಹೆಲ್ಮೆಟ್ ಸಡಿಲವಾಗಿ ಆಗಾಗ ಕಣ್ಣಿಗೆ ಇಳಿಯುತ್ತಿತ್ತು, ಕೈಗವಸಿನಿಂದಲೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದಳು. ಒಂದು ಹೊಡೆತ ಪ್ಯಾಡಿಗೆ ಬಡಿದು ಟಪ್ ಎಂದ ಸದ್ದಿಗೆ ಬೇಲಿಯಾಚೆ ಇದ್ದ ನಾನು ಹಿಂದೆ ಸರಿದೆ. ಅವಳು ಒಂದು ಹೆಜ್ಜೆಯೂ ಸರಿಯಲಿಲ್ಲ.

ಹಾಕಿ ಅಂದ್ರೆ ಕೊಡಗು ಅಂತ ನಾವು ಹೇಳಿಬಿಡುತ್ತೇವೆ. 1973ರ ವಿಶ್ವಕಪ್ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್ ಅಲ್ಲಿಯವರು, ಆ ಹೆಮ್ಮೆ ಸರಿಯೇ. ಆದರೆ 1964ರ ಚಿನ್ನದ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ್ ಇದ್ದರು ಅನ್ನೋದು ಎಷ್ಟು ಜನರಿಗೆ ನೆನಪಿದೆ? ಶಂಕರ್ ಜೊತೆ ಒಂದೇ ತಂಡದಲ್ಲಿ ಆಡಿದವರು ಈ ಊರಿನಲ್ಲೇ ಇದ್ದರು. ಬೆಳಗಾವಿಗೆ ಈ ಪಟ್ಟಿಯ ಮೇಲೆ ಎರಡು ಹಕ್ಕಿದೆ.

ರಾತ್ರಿ ಊಟದ ಮೇಲೆ ಕುಂದಾ ಬಂತು. ಹಾಲನ್ನು ಗಂಟೆಗಟ್ಟಲೆ ಕಾಯಿಸಿ, ಮೊಸರು ಬಿಟ್ಟು, ಸಕ್ಕರೆ ಕೆಂಪಗಾಗುವ ತನಕ ಕೈಯಾಡಿಸಿದ ಬೆಳಗಾವಿಯ ಕುಂದಾ. ಗೆಳೆಯ ಎರಡನೇ ವಾದ ಎತ್ತಿದ: 'ನೀನು ನಾಯಕ ನಾಯಕ ಅಂತೀಯಲ್ಲ, ನಾಯಕನಾಗಿ ಏನು ಮಾಡಿದರು? ಒಂದು ಏಷ್ಯನ್ ಗೇಮ್ಸ್.'

ಹೌದು, ಒಂದು. ಆದರೆ ಯಾವುದು ಅಂತ ನೋಡಬೇಕು. ಏಷ್ಯನ್ ಗೇಮ್ಸ್‌ನಲ್ಲಿ 1958ರಲ್ಲೂ 1962ರಲ್ಲೂ ಚಿನ್ನ ಪಾಕಿಸ್ತಾನದ್ದು. 1958ರಲ್ಲಂತೂ ಎರಡೂ ತಂಡಗಳ ಪಂದ್ಯ ಗೋಲಿಲ್ಲದೆ ಮುಗಿದು, ಗೋಲುಗಳ ಲೆಕ್ಕದಲ್ಲಿ ಚಿನ್ನ ಕೈತಪ್ಪಿತು. 1966ರಲ್ಲಿ ಬ್ಯಾಂಕಾಕ್‌ಗೆ ಹೋದ ತಂಡಕ್ಕೆ ಶಂಕರ್ ನಾಯಕ. ಗೋಲ್‌ಕೀಪರ್ ನಾಯಕನಾಗುವುದು ಆಗ ಯಾರೂ ಕಂಡಿರದ ವಿಷಯ. ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 1-0. ಏಷ್ಯನ್ ಗೇಮ್ಸ್ ಹಾಕಿಯಲ್ಲಿ ಭಾರತದ ಮೊದಲ ಚಿನ್ನ ಅದು. ಎರಡನೆಯದು ಬರಲು 32 ವರ್ಷ ಬೇಕಾಯಿತು. 1998ರಲ್ಲಿ, ಅದೂ ಬ್ಯಾಂಕಾಕ್‌ನಲ್ಲೇ, ಧನರಾಜ್ ಪಿಳ್ಳೈ ನಾಯಕತ್ವದಲ್ಲಿ. ಆ ಫೈನಲ್ ಶೂಟೌಟ್‌ಗೆ ಹೋದಾಗ ಕಾಪಾಡಿದ್ದೂ ಒಬ್ಬ ಗೋಲ್‌ಕೀಪರ್, ನಮ್ಮ ಆಶಿಶ್ ಬಲ್ಲಾಳ್. ಗೋಲ್‌ಕೀಪರ್‌ಗಳು ಪಂದ್ಯ ಗೆಲ್ಲಿಸುವುದಿಲ್ಲ ಅನ್ನುವವರು ಈ ಎರಡು ಬ್ಯಾಂಕಾಕ್‌ಗಳನ್ನು ನೋಡಲಿ.

ಗೆಳೆಯ ಕುಂದಾ ತಟ್ಟೆ ಪಕ್ಕಕ್ಕಿಟ್ಟು ಬೇರೆ ಮಾತು ತೆಗೆದ. 1968ರ ಒಲಿಂಪಿಕ್ಸ್‌ಗೆ ಅವರನ್ನು ಆರಿಸಲಿಲ್ಲ. ಅಲ್ಲಿಗೆ ಅವರ ಹಾಕಿ ಮುಗಿಯಿತು. ಕೊನೆಗಾಲದಲ್ಲಿ ಮ್ಹೌನಲ್ಲಿ ಬಡತನ, ಕಾಲಿಗೆ ಗ್ಯಾಂಗ್ರಿನ್, 2006ರ ಏಪ್ರಿಲ್‌ನಲ್ಲಿ ಸಾವು. 'ನಿನ್ನ ಓಟು ಆ ಸಂಕಟಕ್ಕೆ ಅಲ್ವಾ?' ಅಂತ ಕೇಳಿದ. ಮೆಲ್ಲಗೇ ಕೇಳಿದ, ಚುಚ್ಚುವ ಹಾಗೆ ಅಲ್ಲ.

ಅಲ್ಲ. ಆ ಸಂಕಟ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 1964ರಲ್ಲಿ ಅರ್ಜುನ, 1967ರಲ್ಲಿ ಪದ್ಮಶ್ರೀ ಕೊಟ್ಟ ದೇಶ, ಅವರು ಕಾಲು ನೋವಿನಲ್ಲಿ ಮಲಗಿದಾಗ ಎಲ್ಲಿತ್ತು? ಆದರೆ ಅದು ಪಿಂಚಣಿ, ಔಷಧಿ, ಆಸ್ಪತ್ರೆಯ ಪ್ರಶ್ನೆ. ಅದಕ್ಕೆ ಪರಿಹಾರ ಅಂತ ಗೋಡೆಯ ಮೇಲೆ ಹೆಸರು ಬರೆದರೆ ಅವರ ಆಟಕ್ಕೇ ಅವಮಾನ. ಕೊನೆಗಾಲ ಸುಖವಾಗಿಯೇ ಕಳೆದಿದ್ದರೂ ಅವರು ಆ ಗೋಡೆಗೆ ಸೇರಬೇಕಾದವರು. ಇವತ್ತು ಗೋಲ್‌ಕೀಪರ್ ಶ್ರೀಜೇಶ್ ಅವರನ್ನು ದೇಶ ತಲೆ ಮೇಲೆ ಹೊತ್ತುಕೊಂಡಿದೆ, ಸಂತೋಷ. ಅವರ ಜಾಗದಲ್ಲಿ ಅರ್ಧ ಶತಮಾನದ ಹಿಂದೆ ನಿಂತು, ಹೆಲ್ಮೆಟ್ ಇಲ್ಲದೆ, ನಾಯಕನಾಗಿ ಚಿನ್ನ ತಂದವರಿಗೂ ಅಷ್ಟೇ ಜಾಗ ಕೊಡಬೇಕು.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಸುಬೇದಾರರೂ ಬಂದರು. ಮೊದಲ ಆರು ಹೆಸರು ಹೇಳಿ ಅಂದೆ. ಅವರು ಧ್ಯಾನ್‌ಚಂದ್, ಬಲ್ಬೀರ್, ಮೂರನೆಯದು ಶಂಕರ್ ಲಕ್ಷ್ಮಣ್ ಅಂದರು. ನನ್ನದೂ ಅದೇ. ಗೆಳೆಯ ಒಪ್ಪಲಿಲ್ಲ. ಮೂರು ಚಿನ್ನ, ಒಂದು ಬೆಳ್ಳಿ ಗೆದ್ದ ಲೆಸ್ಲಿ ಕ್ಲಾಡಿಯಸ್ ಮತ್ತು ಉಧಮ್ ಸಿಂಗ್ ಮೊದಲು ಬರಬೇಕು ಅಂದ. ಅದರಲ್ಲಿ ನ್ಯಾಯವಿದೆ, ನಾನೂ ಜಾಸ್ತಿ ಎಳೆಯಲಿಲ್ಲ. ಶಂಕರ್ ಅವರನ್ನು ಅವನು ಐದಕ್ಕೆ ಇಟ್ಟ. 'ಮುಂದಿನ ಸಲ ಬಂದಾಗ ಮೂರಕ್ಕ ತರ್ತೀನಿ ಬಿಡ್ರಿ ಇವನ್ನ' ಅಂತ ಸುಬೇದಾರರು ನನ್ನ ಬ್ಯಾಗು ಬಸ್ಸಿಗೆ ಹತ್ತಿಸಿದರು.