ರೆಪ್ಲಿಕಾ ರಿವಾಲ್ವರ್‌ಗೆ ನಿಪಲ್ ತಗೊಳ್ಳೋ ಮುಂಚೆ ಪಿಚ್ ನೋಡಿ

ನಾನಿರೋ ಪೆನ್ಸಿಲ್ವೇನಿಯಾದಲ್ಲಿ ಬ್ಲ್ಯಾಕ್ ಪೌಡರ್ (ಹಳೇ ಕಾಲದ ಕರಿಮದ್ದು) ಶೂಟಿಂಗ್ ಹುಚ್ಚು ಹಿಡಿದೋರು ಬೇಕಾದಷ್ಟು ಜನ ಸಿಗ್ತಾರೆ, ಅವ್ರ ಹತ್ರ ಇರೋ 1851 ನೇವಿ, 1860 ಆರ್ಮಿ ಕೋಲ್ಟ್ ರಿವಾಲ್ವರ್‌ಗಳಲ್ಲಿ ಮುಕ್ಕಾಲುಪಾಲು ಅಸಲಿ ಅಲ್ಲ, ಇಟಲಿಯ ಬ್ರೆಶಾ ಸುತ್ತಮುತ್ತ ತಯಾರಾದ ರೆಪ್ಲಿಕಾಗಳು. ಹೊರಗಿನ ಡಿಸೈನ್ ಅಮೆರಿಕದ್ದು, ಆದ್ರೆ ಸ್ಕ್ರೂಗಳು ಸಾಮಾನ್ಯವಾಗಿ ಮೆಟ್ರಿಕ್. ಅಮೆರಿಕದ ಗನ್ ಅಂದ್ಮೇಲೆ ಇಂಚಿನ ಸ್ಕ್ರೂನೇ ಇರುತ್ತೆ ಅಂದ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗೋರನ್ನ ನೋಡಿ ನೋಡಿ ಇದನ್ನ ಬರೀತಿದೀನಿ.

ಜಾಸ್ತಿ ತೊಂದ್ರೆ ಆಗೋದು ನಿಪಲ್‌ನಲ್ಲಿ, ಅಂದ್ರೆ ಮದ್ದಿಗೆ ಕಿಡಿ ಕೊಡೋ ಕ್ಯಾಪ್ ಕೂರಿಸ್ತೀವಲ್ಲ ಆ ಪುಟ್ಟ ಭಾಗ. ಇಟಲಿ ರಿವಾಲ್ವರ್‌ಗಳಲ್ಲಿ ಅದರ ಥ್ರೆಡ್ (ಸ್ಕ್ರೂ ಸುತ್ತು) ಸಾಮಾನ್ಯವಾಗಿ 6 ಮಿಮೀ ದಪ್ಪ, ಪಿಚ್, ಅಂದ್ರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರೋ ದೂರ, 0.75 ಮಿಮೀ. ಇಲ್ಲಿನ ಎಷ್ಟೋ ಮಜಲ್‌ಲೋಡರ್ (ನಳಿಗೆ ಬಾಯಿಂದ ಮದ್ದು ತುಂಬೋ) ರೈಫಲ್‌ಗಳಲ್ಲಿ 1/4 ಇಂಚು, ಇಂಚಿಗೆ 28 ಥ್ರೆಡ್, ಅಂದ್ರೆ 6.35 ಮಿಮೀ, ಪಿಚ್ 0.907. ಕಣ್ಣಿಗೆ ಎರಡೂ ಒಂದೇ ಥರ. 1/4 ಇಂಚಿನ ತೂತಿಗೆ 6 ಮಿಮೀ ನಿಪಲ್ ಹಾಕಿದ್ರೆ ಒಂದೆರಡು ಸುತ್ತು ಆರಾಮಾಗಿ ಹೋಗುತ್ತೆ, ಆಮೇಲೆ ಪಿಚ್ ಹೊಂದದೆ ಹಿಡ್ಕೊಳುತ್ತೆ, ಹಿಡ್ಕೊಂಡಿದ್ದನ್ನ ಟೈಟ್ ಆಯ್ತು ಅಂದ್ಕೊಂಡ್ರೆ ಅಲ್ಲಿಗೆ ಮುಗೀತು, ಮದ್ದು ಉರಿದಾಗ ಆ ಒತ್ತಡನೆಲ್ಲ ತಡೀಬೇಕಾಗಿರೋದು ಅರ್ಧಂಬರ್ಧ ಕಚ್ಚಿರೋ ಅದೇ ಥ್ರೆಡ್, ಮುಖ ಇರೋದು ಅದರ ಹಿಂದೇನೇ. ದಯವಿಟ್ಟು ಬಲವಂತ ಮಾಡ್ಬೇಡಿ.

ಯಾವ ಥ್ರೆಡ್ ಅಂತ ತಿಳಿಯೋಕೆ ವರ್ನಿಯರ್ ಒಂದೇ ಸಾಲಲ್ಲ, ಸವೆದ ಥ್ರೆಡ್ ಹೊರ ಅಳತೆ ಕಮ್ಮಿನೇ ತೋರಿಸುತ್ತೆ. ಪಿಚ್ ಗೇಜ್‌ನ (ಪಿಚ್ ಅಳೆಯೋ ಹಲ್ಲಿನ ಪಟ್ಟಿ) ಹಲ್ಲನ್ನ ಥ್ರೆಡ್ ಮೇಲಿಟ್ಟು ಕಿಟಕಿ ಕಡೆ ಹಿಡೀರಿ, ಸಂದೀಲಿ ಬೆಳಕು ಕಂಡ್ರೆ ಅದು ಆ ಪಿಚ್ ಅಲ್ಲ. ಗೇಜ್ ಇಲ್ವಾ, 6 ಮಿಮೀ ಉದ್ದದಲ್ಲಿ ಥ್ರೆಡ್ ಎಣಿಸಿ: 0.75 ಆದ್ರೆ 8 ಬರುತ್ತೆ, 28ರದ್ದಾದ್ರೆ ಆರೂವರೆ ಚಿಲ್ರೆ. ಹಳೇ ನಿಪಲ್ ಕಳೆದೇ ಹೋಗಿದ್ರೆ ಮೆತ್ತನೆ ಮರದ ಕಡ್ಡಿ ತುದೀನ ಸ್ವಲ್ಪ ಕೆತ್ತಿ ತೂತಿನೊಳಗೆ ತಿರುಗಿಸಿ, ಅಚ್ಚು ಮೂಡುತ್ತೆ, ಅದನ್ನ ಎಣಿಸಿ.

ಇಂಗ್ಲಿಷ್ ಗನ್‌ಗಳದ್ದು ಇನ್ನೂ ಕಷ್ಟ. 1841ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಕೊಟ್ಟ ಥ್ರೆಡ್‌ನ ಹಲ್ಲಿನ ಕೋನ 55 ಡಿಗ್ರಿ (ಆರು ಮೂಲೆ ಬೋರ್‌ನ ರೈಫಲ್ ಮಾಡಿದ್ದೂ ಇದೇ ಮನುಷ್ಯ, ನನಗೆ ಅವನ ಮೇಲೆ ತುಂಬಾ ಗೌರವ), 1864ರಲ್ಲಿ ಅಮೆರಿಕದ ಸೆಲ್ಲರ್ಸ್ ಹೇಳಿದ್ದು 60 ಡಿಗ್ರಿ. 1/4 ಇಂಚಿನ ಸಾಮಾನ್ಯ ಸ್ಕ್ರೂನಲ್ಲಿ ಎರಡಕ್ಕೂ ಇಂಚಿಗೆ 20 ಥ್ರೆಡ್ಡೇ, ಹಾಗಾಗಿ ಒಂದರೊಳಗೆ ಇನ್ನೊಂದು ಹೋಗ್ಬಿಡುತ್ತೆ. 1/2 ಇಂಚಿಗೆ ಬಂದ್ರೆ 12 ಮತ್ತು 13, ಅಲ್ಲಿ ಬೇಗ ಗೊತ್ತಾಗುತ್ತೆ. ಸಣ್ಣ ಸ್ಕ್ರೂಗಳಲ್ಲಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅಂತ ಇನ್ನೊಂದು ಥ್ರೆಡ್ ಇದೆ, ಅದರ 0 ನಂಬರಿನದು 6 ಮಿಮೀ, ಪಿಚ್ 1, ಅಂದ್ರೆ ಅಳತೇಲಿ ಎಂ6 ಸ್ಕ್ರೂ ಥರಾನೇ, ಆದ್ರೆ ಕೋನ ನಲವತ್ತೇಳೂವರೆ ಡಿಗ್ರಿ.

ಮೆಟ್ರಿಕ್ಕೋ ಇಂಚೋ ಅನ್ನೋ ಅನುಮಾನ ಬಂದ್ರೆ ಬ್ಯಾರೆಲ್ ಮೇಲಿನ ಮುದ್ರೆ ನೋಡಿ, ಪಿಎನ್ ಅಂತಿದ್ರೆ ಅದು ಇಟಲಿಯ ಬ್ಲ್ಯಾಕ್ ಪೌಡರ್ ಪ್ರೂಫ್ (ಗನ್ ಪರೀಕ್ಷೆ ಆಗಿದೆ ಅನ್ನೋ) ಗುರುತು, ಹುಡುಕಾಟನ ಮೆಟ್ರಿಕ್‌ನಿಂದ ಶುರು ಮಾಡಬಹುದು. ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯೋ ಉಪಕರಣ) ಹೊಡೆದು ತೂತು ದೊಡ್ಡದು ಮಾಡೋದು ಕಟ್ಟಕಡೇ ಉಪಾಯ, ಸಿಲಿಂಡರ್‌ನಲ್ಲಂತೂ ಅದನ್ನ ಗನ್‌ಸ್ಮಿತ್‌ಗೇ ಬಿಟ್ಬಿಡಿ.